ಗಂಡನಿಗೆ ತುಲೂಸ್‌ನಲ್ಲಿ ಕೆಲಸ, ನರ್ಸ್ ಆಗಿರುವ ನಾನೇನು ಮಾಡಲಿ?

ಪ್ರಶ್ನೆ: ನನಗೆ 32 ವರ್ಷ. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಎಂಟು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಪತಿ ವಿಮಾನ ತಂತ್ರಾಂಶದ ಎಂಜಿನಿಯರ್. ಅವರ ಮುಂದೆ ಈಗ ಎರಡು ಅವಕಾಶಗಳಿವೆ. ಈಗಿನ ಕಂಪನಿಯೇ ಅವರನ್ನು ಮೂರು ವರ್ಷಗಳಿಗೆ ಫ್ರಾನ್ಸ್‌ನ ತುಲೂಸ್‌ಗೆ ಕಳುಹಿಸಲು ಸಿದ್ಧವಿದೆ. ಅದೇ ಊರಿನ ಸಣ್ಣ ಕಂಪನಿಯೊಂದು ವರ್ಷಕ್ಕೆ 52,000 ಯೂರೋ ಸಂಬಳದ ಕಾಯಂ ಕೆಲಸ ಕೊಡುತ್ತೇನೆ ಎಂದಿದೆ. ‘ಸಾಲಾರಿಯೆ’ ವೀಸಾ ಮಾಡಿಸುತ್ತೇವೆ, ಕುಟುಂಬ ಆಮೇಲೆ ಬರಬಹುದು ಎನ್ನುತ್ತಾರೆ. ಅಲ್ಲಿ ಅರ್ಧ ಸಂಬಳ ತೆರಿಗೆಗೇ ಹೋಗುತ್ತದೆ ಎಂದು ಒಬ್ಬರು, ನರ್ಸ್‌ಗಳನ್ನು ಯುರೋಪ್ ಕೈಬೀಸಿ ಕರೆಯುತ್ತದೆ, ನಿನಗೇನು ಚಿಂತೆ ಎಂದು ಇನ್ನೊಬ್ಬರು ಹೇಳುತ್ತಾರೆ. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಬದಲಾಯಿಸಿಕೊಳ್ಳಿ ಎಂಬ ಸಲಹೆಯೂ ಬಂದಿದೆ. ನಮಗೆ ಫ್ರೆಂಚ್ ಒಂದಕ್ಷರವೂ ಬಾರದು. ಮಗಳಿಗೆ ನಾಲ್ಕೂವರೆ ವರ್ಷ. ಅತ್ತೆ ಹುಬ್ಬಳ್ಳಿಯಲ್ಲಿ ಒಬ್ಬರೇ ಇದ್ದಾರೆ. ನಾನು ರಾಜೀನಾಮೆ ಕೊಡಬೇಕೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ರಾಜೀನಾಮೆ ಈಗ ಕೊಡಬೇಡಿ. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ತೆರಿಗೆ, ವೀಸಾ, ಭಾಷೆ ಎಂದು ಹಲವು ವಿಷಯ ಕೇಳಿದ್ದೀರಿ. ಆದರೆ ನಿಮ್ಮನ್ನು ಕಾಡುತ್ತಿರುವುದು ಒಂದೇ: ಎಂಟು ವರ್ಷ ರಾತ್ರಿ ಪಾಳಿ ಮಾಡಿ ಕಟ್ಟಿಕೊಂಡ ವೃತ್ತಿ ವಿಮಾನ ಹತ್ತಿದ ದಿನವೇ ಕೈಬಿಟ್ಟು ಹೋಗುತ್ತದೆಯೇ ಎಂಬುದು. ಫ್ರಾನ್ಸ್‌ಗೆ ಬರುವ ಭಾರತೀಯ ಕುಟುಂಬಗಳ ವೀಸಾ, ಮನೆ, ಶಾಲೆಯ ಕಾಗದಪತ್ರಗಳ ಕೆಲಸವನ್ನು ನಾನು ಹದಿನೈದು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಅವಧಿಗೆ ಮುನ್ನವೇ ಊರಿಗೆ ಮರಳಿದ ಕುಟುಂಬಗಳನ್ನು ಕಂಡಿದ್ದೇನೆ. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಗಂಡನ ಕೆಲಸ ಚೆನ್ನಾಗಿಯೇ ನಡೆದಿತ್ತು. ಮನೆಯಲ್ಲಿ ಉಳಿದವರಿಗೆ ಉಸಿರು ಕಟ್ಟಿತ್ತು. ಹಾಗಾಗಿ ನಿಮ್ಮ ವೃತ್ತಿಯ ಪ್ರಶ್ನೆಯೇ ಈ ಇಡೀ ನಿರ್ಧಾರದ ನಡುಗಂಬ ಎಂದು ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಆ ‘ಆಮೇಲೆ ಬರಬಹುದು’ ಎಂಬ ಮಾತನ್ನು ನೋಡೋಣ. ಅದು ಸುಳ್ಳಲ್ಲ, ಆದರೆ ಆ ‘ಆಮೇಲೆ’ ಎಷ್ಟು ದೂರ ಎಂದು ಅವರು ಹೇಳಿಲ್ಲ. ಸಾಲಾರಿಯೆ ಎಂದರೆ ಸಾಮಾನ್ಯ ನೌಕರನ ಪರವಾನಗಿ. ಅದನ್ನು ಪಡೆದವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಕುಟುಂಬ ಪುನರ್ಮಿಲನ ಎಂಬ ಪ್ರತ್ಯೇಕ ಅರ್ಜಿ ಹಾಕಬೇಕು. ಫ್ರಾನ್ಸ್‌ನಲ್ಲಿ 18 ತಿಂಗಳು ಕಾನೂನುಬದ್ಧವಾಗಿ ವಾಸವಿದ್ದ ಮೇಲಷ್ಟೇ ಆ ಅರ್ಜಿ ಹಾಕಲು ಬರುತ್ತದೆ. ಆದಾಯ ಎಷ್ಟಿದೆ, ಮನೆ ಎಷ್ಟು ಚದರ ಮೀಟರ್ ಇದೆ ಎಂದೆಲ್ಲ ಪರಿಶೀಲಿಸಿ ತೀರ್ಮಾನ ಹೇಳಲು ಆಡಳಿತಕ್ಕೆ ಆರು ತಿಂಗಳ ಕಾಲಾವಕಾಶವಿದೆ. ಆಮೇಲೆ ನಿಮ್ಮ ವೀಸಾ. ಅಲ್ಲಿಗೆ ಎರಡು ವರ್ಷ ನೀವು ಬೆಂಗಳೂರಿನಲ್ಲಿ, ಅವರು ತುಲೂಸ್‌ನಲ್ಲಿ.

ಇದಕ್ಕಿಂತ ಬೇರೆ ಬಗೆಯ ಪರವಾನಗಿಗಳೂ ಇವೆ. ಪರಿಣತರಿಗೆ ಕೊಡುವ ‘ತಾಲಾಂ’ ಎಂಬ ಹೆಸರಿನ ಗುಂಪಿನವು ಗರಿಷ್ಠ ನಾಲ್ಕು ವರ್ಷಗಳ ಅವಧಿಯವು. ಹಿಂದೆ ಇವನ್ನು ತಾಲಾಂ ಪಾಸ್‌ಪೋರ್ಟ್ ಎನ್ನುತ್ತಿದ್ದರು, ನಿಮ್ಮ ಪರಿಚಯದವರು ಈಗಲೂ ಹಾಗೆಯೇ ಹೇಳಬಹುದು. ಹೆಚ್ಚಿನ ಅರ್ಹತೆಯ ನೌಕರರಿಗೆ ಸಿಗುವ ಯುರೋಪಿನ ಬ್ಲೂ ಕಾರ್ಡ್ ಈ ಗುಂಪಿನಲ್ಲಿಯೇ ಬರುತ್ತದೆ. ಇದರಲ್ಲಿ ಕುಟುಂಬ ಜೊತೆಯಲ್ಲೇ ಬರಬಹುದು, ಪತ್ನಿಗೆ ಸಿಗುವ ಕಾರ್ಡಿನಲ್ಲಿ ಕೆಲಸ ಮಾಡುವ ಹಕ್ಕು ಇರುತ್ತದೆ. ‘ಅವಲಂಬಿತ ವೀಸಾದವರು ಕೆಲಸ ಮಾಡುವಂತಿಲ್ಲ’ ಎಂಬುದು ಬೇರೆ ದೇಶಗಳ ಅನುಭವದಿಂದ ಹುಟ್ಟಿದ ಮಾತು, ಈ ಕಾರ್ಡಿಗೆ ಅನ್ವಯಿಸುವುದಿಲ್ಲ. ತೊಡಕಿರುವುದು ಸಂಬಳದ ಗೆರೆಯಲ್ಲಿ. ಬ್ಲೂ ಕಾರ್ಡ್ ಬೇಕೆಂದರೆ ಸರ್ಕಾರ ನಿಗದಿ ಮಾಡಿದ ಸರಾಸರಿ ವೇತನದ ಒಂದೂವರೆ ಪಟ್ಟು ಸಂಬಳ ಇರಬೇಕು. 52,000 ಯೂರೋ ಆ ಗೆರೆಯನ್ನು ಮುಟ್ಟುವುದಿಲ್ಲ. ಸಣ್ಣ ಕಂಪನಿ ಸಾಲಾರಿಯೆ ಎಂದು ಹೇಳುತ್ತಿರುವುದು ಬಹುಶಃ ಇದೇ ಕಾರಣಕ್ಕೆ. ಆ ಕಂಪನಿಗೆ ‘ನಾವೀನ್ಯತೆಯ ಸಂಸ್ಥೆ’ ಎಂಬ ಸರ್ಕಾರಿ ಮಾನ್ಯತೆ ಇದ್ದರೆ ಇನ್ನೂ ಕಡಿಮೆ ಸಂಬಳಕ್ಕೆ ತಾಲಾಂ ಗುಂಪಿನ ಮತ್ತೊಂದು ಕಾರ್ಡ್ ಸಿಗುತ್ತದೆ. ಕೇಳಲೇಬೇಕಾದ ಪ್ರಶ್ನೆ ಇದು. ಸಣ್ಣ ಕಂಪನಿಗಳ ಸಿಬ್ಬಂದಿ ವಿಭಾಗಕ್ಕೆ ಎಷ್ಟೋ ಸಲ ಈ ದಾರಿಯೇ ಗೊತ್ತಿರುವುದಿಲ್ಲ. ಅವರಲ್ಲಿ ಕೆಟ್ಟ ಉದ್ದೇಶ ಇರಲಾರದು, ಅವರು ಹಿಂದೆ ಭಾರತದಿಂದ ಯಾರನ್ನೂ ಕರೆಸಿಕೊಂಡಿರುವುದಿಲ್ಲ ಅಷ್ಟೇ.

ಈಗಿನ ಕಂಪನಿ ಕಳುಹಿಸುವುದರಲ್ಲಿಯೂ ಎರಡು ಬಗೆ ಇದೆ. ಬೆಂಗಳೂರಿನ ಒಪ್ಪಂದ ಹಾಗೆಯೇ ಮುಂದುವರಿದು, ನಿಯೋಜನೆಯ ಮೇಲೆ ಹೋಗುವುದು ಒಂದು. ಇದರ ಪರವಾನಗಿಗೆ ಮೂರು ವರ್ಷ ಗರಿಷ್ಠ ಮಿತಿ, ಅದರ ಮೇಲೆ ನವೀಕರಣವಿಲ್ಲ. ಕುಟುಂಬ ಕೂಡಲೇ ಬರಬಹುದು, ಇದರಲ್ಲೂ ನಿಮಗೆ ಕೆಲಸದ ಹಕ್ಕು ಇರುತ್ತದೆ. ಭಾರತ ಮತ್ತು ಫ್ರಾನ್ಸ್ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2011ರ ಜುಲೈಯಿಂದ ಜಾರಿಯಲ್ಲಿರುವುದರಿಂದ ಐದು ವರ್ಷಗಳವರೆಗಿನ ನಿಯೋಜನೆಯಲ್ಲಿ ಪಿಎಫ್ ಭಾರತದಲ್ಲಿಯೇ ಕಟ್ಟುತ್ತಾ ಹೋಗಬಹುದು, ಅಲ್ಲಿನ ಪಿಂಚಣಿಗೆ ಮತ್ತೊಮ್ಮೆ ಕಟ್ಟಬೇಕಿಲ್ಲ. ಇನ್ನೊಂದು ಬಗೆಯಲ್ಲಿ ಅದೇ ಸಮೂಹದ ಫ್ರೆಂಚ್ ಶಾಖೆಯ ಜೊತೆ ಸ್ಥಳೀಯ ಒಪ್ಪಂದ ಆಗುತ್ತದೆ, ಆಗ ಅದು ತಾಲಾಂ ಗುಂಪಿಗೆ ಸೇರುತ್ತದೆ. ‘ಮೂರು ವರ್ಷಕ್ಕೆ ಕಳುಹಿಸುತ್ತಾರೆ’ ಎಂದಷ್ಟೇ ಬರೆದಿದ್ದೀರಿ. ಯಾವ ಬಗೆ ಎಂದು ನಿಮ್ಮ ಪತಿ ಲಿಖಿತವಾಗಿ ಕೇಳಲಿ.

ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಬದಲಾಯಿಸಿಕೊಳ್ಳಿ ಎಂಬ ಸಲಹೆಯನ್ನು ದಯವಿಟ್ಟು ಮರೆತುಬಿಡಿ. ಆ ವೀಸಾ 180 ದಿನಗಳಲ್ಲಿ 90 ದಿನಗಳ ವಾಸಕ್ಕೆ ಮಾತ್ರ. ಅವಧಿ ಮೀರಿ ಉಳಿದರೆ ಮುಂದಿನ ಪ್ರತಿಯೊಂದು ಅರ್ಜಿಯ ಮೇಲೂ ಅದರ ನೆರಳು ಬೀಳುತ್ತದೆ.

ಈಗ ನಿಮ್ಮ ವೃತ್ತಿಗೆ ಬರುತ್ತೇನೆ. ಕಹಿಯಾದರೂ ನೇರವಾಗಿ ಹೇಳುತ್ತೇನೆ: ನಿಮ್ಮ ಭಾರತೀಯ ನರ್ಸಿಂಗ್ ಪದವಿಯಿಂದ ಫ್ರಾನ್ಸ್‌ನಲ್ಲಿ ನರ್ಸ್ ಆಗಿ ಕೆಲಸ ಮಾಡಲು ಸಾಧ್ಯವಿಲ್ಲ. ಅನುಭವ ಎಂಟು ವರ್ಷವಾದರೂ ಇಪ್ಪತ್ತು ವರ್ಷವಾದರೂ ಅಷ್ಟೇ. ‘ಯುರೋಪ್ ಕೈಬೀಸಿ ಕರೆಯುತ್ತದೆ’ ಎಂಬ ಮಾತು ಎಲ್ಲಿಂದ ಬಂತು ಎಂದರೆ, ಜರ್ಮನಿ, ಐರ್ಲೆಂಡ್, ಬ್ರಿಟನ್‌ಗಳಿಗೆ ಕೇರಳದಿಂದಲೂ ಮಂಗಳೂರಿನಿಂದಲೂ ನರ್ಸ್‌ಗಳು ಹೋಗುತ್ತಿದ್ದಾರೆ. ಆ ದೇಶಗಳಲ್ಲಿ ಪರದೇಶದ ಪದವಿಯನ್ನು ಪರಿಶೀಲಿಸಿ, ಕೊರತೆ ಇದ್ದಷ್ಟನ್ನು ಪರೀಕ್ಷೆ ಅಥವಾ ತರಬೇತಿಯಿಂದ ತುಂಬಿಕೊಳ್ಳುವ ವ್ಯವಸ್ಥೆ ಇದೆ. ಫ್ರಾನ್ಸ್‌ನಲ್ಲಿ ನರ್ಸ್ ಎಂಬುದು ಕಾನೂನಿನ ರಕ್ಷಣೆ ಇರುವ ಪದನಾಮ, ಅದಕ್ಕೆ ಸರ್ಕಾರಿ ಡಿಪ್ಲೊಮಾ ಬೇಕು. ಯುರೋಪ್ ಒಕ್ಕೂಟದ ಪದವಿಗಳಿಗೆ ಮಾನ್ಯತೆ ಇದೆ, ಕೆನಡಾದ ಕ್ವೆಬೆಕ್ ಜೊತೆ ಪ್ರತ್ಯೇಕ ಒಪ್ಪಂದ ಇದೆ. ಭಾರತದ ಜೊತೆ ಅಂಥದ್ದು ಇಲ್ಲ. ಆಸ್ಪತ್ರೆಗಳಲ್ಲಿ ನರ್ಸ್‌ಗಳ ಕೊರತೆ ಇರುವುದು ನಿಜ. ಆದರೂ ಬಾಗಿಲು ತೆರೆಯುವುದು ಆ ಡಿಪ್ಲೊಮಾ ಇದ್ದವರಿಗೆ ಮಾತ್ರ.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಉದ್ದವಾಗಿದೆ. ಇಫ್ಸಿ ಎಂದು ಕರೆಯುವ ನರ್ಸಿಂಗ್ ಶಾಲೆಗಳು ಪರದೇಶದ ಪದವಿ ಇರುವವರಿಗಾಗಿ ಪ್ರತ್ಯೇಕ ಆಯ್ಕೆ ನಡೆಸುತ್ತವೆ. ಅದರಲ್ಲಿ ಆಯ್ಕೆಯಾದರೆ ಮೂರು ವರ್ಷಗಳ ಓದಿನಲ್ಲಿ ಒಂದಿಷ್ಟು ವಿನಾಯಿತಿ ಸಿಗಬಹುದು. ಎಷ್ಟು ಎಂಬುದು ನಿಮ್ಮ ಅಂಕಪಟ್ಟಿ ಮತ್ತು ಕೆಲಸದ ವಿವರ ನೋಡಿ ಶಾಲೆ ತೀರ್ಮಾನಿಸುವ ವಿಷಯ. ಆದ್ದರಿಂದ ನಿಮ್ಮ ಕಾಲೇಜಿನಿಂದ ಪಠ್ಯಕ್ರಮದ ವಿವರ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ತರಬೇತಿ ಎಂಬ ದಾಖಲೆ, ಇವನ್ನು ಊರಿನಲ್ಲಿರುವಾಗಲೇ ಮುದ್ರೆ ಹಾಕಿಸಿ ತೆಗೆದುಕೊಳ್ಳಿ. ಅಲ್ಲಿ ಹೋದ ಮೇಲೆ ಕಾಲೇಜಿನ ಕಚೇರಿಗೆ ಫೋನ್ ಮಾಡಿ ತರಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ದಾರಿ ‘ಎಯ್ದ್ ಸ್ವಾನ್ಯಾಂತ್’, ಅಂದರೆ ಆರೈಕೆ ಸಹಾಯಕಿಯ ತರಬೇತಿ. ಒಂದು ವರ್ಷದೊಳಗೆ ಮುಗಿಯುತ್ತದೆ, ಕೆಲಸ ಬೇಗ ಸಿಗುತ್ತದೆ. ಆದರೆ ಅದರ ಒಳನೋವು ನಿಮಗೆ ಮೊದಲೇ ಗೊತ್ತಿರಲಿ. ನನ್ನ ಬಳಿ ಬಂದಿದ್ದ ದಕ್ಷಿಣ ಕನ್ನಡದ ಒಬ್ಬರು ಹೃದಯ ವಿಭಾಗದಲ್ಲಿ ಆರು ವರ್ಷ ದುಡಿದವರು. ಫ್ರಾನ್ಸ್‌ನ ವೃದ್ಧಾಶ್ರಮವೊಂದರಲ್ಲಿ ಸಹಾಯಕಿಯಾಗಿ ಸೇರಿದರು. ಒಂದು ರಾತ್ರಿ ಅಜ್ಜಿಯೊಬ್ಬರ ಉಸಿರಾಟದ ಲಯ ಬದಲಾದದ್ದು ಅವರಿಗೆ ಹಾಸಿಗೆಯ ಪಕ್ಕ ನಿಂತಾಗಲೇ ಗೊತ್ತಾಯಿತು. ಏನು ಮಾಡಬೇಕು ಎಂಬುದೂ ಗೊತ್ತಿತ್ತು. ಅವರು ಮಾಡಬಹುದಾಗಿದ್ದದ್ದು ಗಂಟೆ ಒತ್ತಿ ನರ್ಸ್ ಬರುವವರೆಗೆ ಅಜ್ಜಿಯ ಕೈ ಹಿಡಿದು ನಿಲ್ಲುವುದು ಮಾತ್ರ. ಇದನ್ನು ಹೇಳುವಾಗ ಅವರು ತಮ್ಮದೇ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು. ಆ ಎರಡು ವರ್ಷಗಳಲ್ಲಿ ಅವರ ಫ್ರೆಂಚ್ ಗಟ್ಟಿಯಾಯಿತು, ಆಮೇಲೆ ಇಫ್ಸಿಗೆ ಆಯ್ಕೆಯಾದರು. ಆದರೆ ಎಲ್ಲರಿಗೂ ಆ ಎರಡು ವರ್ಷ ನುಂಗಿಕೊಳ್ಳಲು ಆಗುವುದಿಲ್ಲ, ಆಗದಿದ್ದರೆ ಅದು ತಪ್ಪೂ ಅಲ್ಲ.

ಈ ಎರಡೂ ದಾರಿಗಳಿಗೆ ಬೀಗದ ಕೈ ಫ್ರೆಂಚ್. ನಿಮ್ಮ ಪತಿಯ ಕಚೇರಿಯಲ್ಲಿ ವಿಮಾನ ಉದ್ಯಮದ ಕೆಲಸ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆದೀತು. ಆದರೆ ಪಾಳಿ ಬದಲಾಗುವಾಗ ಹನ್ನೆರಡು ರೋಗಿಗಳ ವಿವರವನ್ನು ಹತ್ತು ನಿಮಿಷದಲ್ಲಿ ಒಪ್ಪಿಸಿಕೊಳ್ಳುವುದು ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಅದು ವೇಗದ, ಅರ್ಧ ನುಂಗಿದ ಫ್ರೆಂಚ್‌ನಲ್ಲಿ ನಡೆಯುತ್ತದೆ. ಅದಕ್ಕೆ ಬಿ2 ಮಟ್ಟದ, ಅಂದರೆ ಸರಾಗವಾಗಿ ಮಾತನಾಡಿ ಅರ್ಥ ಮಾಡಿಕೊಳ್ಳಬಲ್ಲಷ್ಟು ಭಾಷೆ ಬೇಕು. ಸೊನ್ನೆಯಿಂದ ಅಲ್ಲಿಗೆ ತಲುಪಲು ಸುಮಾರು 600 ಗಂಟೆಗಳ ಪಾಠ ಎಂಬುದು ಭಾಷಾ ಶಾಲೆಗಳ ಲೆಕ್ಕ. ವಾರಕ್ಕೆ ಎಂಟು ಗಂಟೆ ಕೂತರೆ ಒಂದೂವರೆ ವರ್ಷ. ಹಾಗಾಗಿ ನಿಮ್ಮ ಮನೆಯಲ್ಲಿ ಮೊದಲು ಫ್ರೆಂಚ್ ತರಗತಿಗೆ ಸೇರಬೇಕಾದವರು ನೀವು, ನಿಮ್ಮ ಪತಿ ಆಮೇಲೆ. ಹೆಚ್ಚಿನ ಮನೆಗಳಲ್ಲಿ ಇದು ತಿರುಗುಮುರುಗಾಗುತ್ತದೆ: ಕೆಲಸ ಸಿಕ್ಕವರಿಗೆ ಕಂಪನಿ ಪಾಠ ಹೇಳಿಸುತ್ತದೆ, ಮನೆಯಲ್ಲಿರುವವರು ‘ಹೋದ ಮೇಲೆ ಕಲಿತರಾಯಿತು’ ಎನ್ನುತ್ತಾರೆ. ಇಲ್ಲಿ ಇನ್ನೊಂದು ಸಂಗತಿ ಇದೆ. ವಲಸೆ ಬಂದವರಿಗೆ ಸರ್ಕಾರ ಉಚಿತವಾಗಿ ಫ್ರೆಂಚ್ ಹೇಳಿಕೊಡುವುದು ಏಕೀಕರಣ ಒಪ್ಪಂದಕ್ಕೆ, ಅಂದರೆ ಅಲ್ಲಿನ ಸಮಾಜಕ್ಕೆ ಹೊಂದಿಕೊಳ್ಳುತ್ತೇವೆ ಎಂದು ಸರ್ಕಾರಕ್ಕೆ ಬರೆದುಕೊಡುವ ಪತ್ರಕ್ಕೆ, ಸಹಿ ಹಾಕಿದವರಿಗೆ. ತಾಲಾಂ ಕಾರ್ಡಿನವರಿಗೂ ಅವರ ಕುಟುಂಬಕ್ಕೂ ಆ ಒಪ್ಪಂದದಿಂದ ವಿನಾಯಿತಿ ಇರುವುದರಿಂದ ಆ ಪಾಠಕ್ಕೆ ಯಾರೂ ಕರೆಯುವುದಿಲ್ಲ. ವಿಶ್ವವಿದ್ಯಾಲಯದ ತರಗತಿ, ಬಡಾವಣೆಯ ಸಂಘಗಳ ಪಾಠ, ಉದ್ಯೋಗ ಕಚೇರಿಯಾದ ಫ್ರಾನ್ಸ್ ತ್ರವಾಯ್‌ನಲ್ಲಿ ಹೆಸರು ನೋಂದಾಯಿಸಿ ಕೇಳುವುದು, ಇವನ್ನೆಲ್ಲ ನೀವೇ ಹುಡುಕಿಕೊಳ್ಳಬೇಕು.

ಫ್ರೆಂಚ್ ಕಲಿಸುವ ಸಂಸ್ಥೆಯಾದ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಈಗಲೇ ಸೇರಿ. ಕನ್ನಡಿಗರಿಗೆ ಈ ಭಾಷೆಯಲ್ಲಿ ಒಂದು ಅನುಕೂಲವಿದೆ: ‘ತ್ಯು’ ಮತ್ತು ‘ವು’ ವ್ಯತ್ಯಾಸ ನಮ್ಮ ನೀನು, ನೀವು ಹಾಗೆಯೇ, ಯಾರಿಗೆ ಯಾವುದು ಎಂದು ನಾಲಿಗೆಗೆ ತಾನಾಗಿ ತಿಳಿಯುತ್ತದೆ. ತೊಡಕು ಮೂಗಿನ ಸ್ವರಗಳಲ್ಲಿ. ನಾವು ‘ಬೋಂಜೂರ್’ ಎಂದು ಸೊನ್ನೆ ಹಾಕಿ ಬರೆದು, ಹಾಗೆಯೇ ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಉಚ್ಚರಿಸುತ್ತೇವೆ. ಅಲ್ಲಿ ನಾಲಿಗೆ ಎಲ್ಲಿಯೂ ತಾಗಬಾರದು, ಧ್ವನಿ ಮೂಗಿಗೆ ಹತ್ತಿ ನಿಲ್ಲಬೇಕು. ಔಷಧಿ ಅಂಗಡಿಯಾಗಲಿ ಬಸ್ಸಾಗಲಿ, ಆ ಒಂದು ಪದ ಹೇಳದೆ ನೇರವಾಗಿ ಮಾತಿಗೆ ಇಳಿದರೆ ಅಲ್ಲಿಯವರಿಗೆ ಒರಟು ಎನಿಸುತ್ತದೆ. ಫ್ರೆಂಚರು ಮುಖ ಗಂಟಿಕ್ಕುತ್ತಾರೆ ಎಂಬ ದೂರುಗಳಲ್ಲಿ ಅರ್ಧದಷ್ಟಕ್ಕೆ ಇದೇ ಕಾರಣ ಎಂದು ನನ್ನ ಅನುಭವ.

ತೆರಿಗೆಯ ಮಾತು. ‘ಅರ್ಧ ಸಂಬಳ ಹೋಗುತ್ತದೆ’ ಎನ್ನುವವರು ಎರಡು ಕಡಿತಗಳನ್ನು ಒಂದು ಮಾಡಿ ಹೇಳುತ್ತಾರೆ. ಒಪ್ಪಂದದಲ್ಲಿ ಬರೆಯುವುದು ಒಟ್ಟು ಸಂಬಳ. ಅದರಲ್ಲಿ ಆರೋಗ್ಯ, ಪಿಂಚಣಿ ಮುಂತಾದ ವಂತಿಗೆಗಳಿಗೆ ಶೇಕಡಾ 22ರಿಂದ 25ರಷ್ಟು ಹೋಗುತ್ತದೆ. 52,000 ಯೂರೋದಲ್ಲಿ ಉಳಿಯುವುದು ವರ್ಷಕ್ಕೆ ಸುಮಾರು 40,000, ಅಂದರೆ ತಿಂಗಳಿಗೆ 3,300 ಆಸುಪಾಸು. ಆದಾಯ ತೆರಿಗೆ ಇದರ ಮೇಲೆ, ಮತ್ತು ಅದನ್ನು ಲೆಕ್ಕ ಹಾಕುವುದು ಇಡೀ ಮನೆಗೆ. ಗಂಡ, ಹೆಂಡತಿ, ಒಂದು ಮಗು ಎಂದರೆ ಆದಾಯವನ್ನು ಎರಡೂವರೆ ಪಾಲು ಮಾಡಿ ತೆರಿಗೆ ಹಾಕುತ್ತಾರೆ. ನೀವು ಮೂವರೂ ಅಲ್ಲಿದ್ದು, ನಿಮಗಿನ್ನೂ ಸಂಬಳವಿಲ್ಲದಿದ್ದರೆ ಈ ಆದಾಯಕ್ಕೆ ತೆರಿಗೆ ಬಹುಮಟ್ಟಿಗೆ ಬರುವುದೇ ಇಲ್ಲ, ಬಂದರೂ ತೀರಾ ಕಡಿಮೆ. ಮೊದಲ ವೇತನ ಚೀಟಿ ನೋಡಿ ಗಾಬರಿಯಾಗಬೇಡಿ. ತೆರಿಗೆ ಇಲಾಖೆಗೆ ನಿಮ್ಮ ಮನೆಯ ವಿವರ ತಿಳಿಯುವವರೆಗೆ ಒಂಟಿ ವ್ಯಕ್ತಿಯ ದರದಲ್ಲಿ ಹೆಚ್ಚು ಹಿಡಿಯುತ್ತಾರೆ, ಮುಂದಿನ ವರ್ಷ ಲೆಕ್ಕ ಕೊಟ್ಟ ಮೇಲೆ ಹೆಚ್ಚಾದದ್ದು ಮರಳಿ ಬರುತ್ತದೆ. ಹೊರದೇಶದಿಂದ ನೇಮಕವಾದವರಿಗೆ ಸಂಬಳದ ಒಂದು ಭಾಗಕ್ಕೆ ಎಂಟು ವರ್ಷಗಳವರೆಗೆ ತೆರಿಗೆ ವಿನಾಯಿತಿ ಸಿಗುವ ನಿಯಮವೂ ಇದೆ. ಸಹಿ ಹಾಕುವ ಮೊದಲೇ ಅದನ್ನು ಕೇಳಿ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.

ಒಪ್ಪಂದ ಫ್ರೆಂಚ್‌ನಲ್ಲಿ ಇರುತ್ತದೆ. ವಿದೇಶಿ ನೌಕರ ಕೇಳಿದರೆ ಅವನ ಭಾಷೆಯಲ್ಲಿ ಅನುವಾದ ಕೊಡಲೇಬೇಕು ಎಂದು ಅಲ್ಲಿನ ಕಾರ್ಮಿಕ ಕಾನೂನು ಹೇಳುತ್ತದೆ. ಎರಡರ ನಡುವೆ ವ್ಯತ್ಯಾಸ ಬಂದರೆ ನೌಕರನ ವಿರುದ್ಧ ಬಳಸಬಹುದಾದದ್ದು ಅವನ ಭಾಷೆಯ ಪ್ರತಿ ಮಾತ್ರ. ಓದಿ ನೋಡಬೇಕಾದ ಮುಖ್ಯ ಸಾಲು ಪ್ರೊಬೇಷನ್ ಅವಧಿಯದು. ನಿಮ್ಮ ಪತಿಯ ದರ್ಜೆಯವರಿಗೆ ಅದು ಸಾಮಾನ್ಯವಾಗಿ ನಾಲ್ಕು ತಿಂಗಳು, ಒಮ್ಮೆ ವಿಸ್ತರಿಸಿ ಎಂಟರವರೆಗೂ ಹೋಗಬಹುದು. ಆ ಅವಧಿಯಲ್ಲಿ ಎರಡೂ ಕಡೆಯವರು ಕಾರಣ ಹೇಳದೆ ಬಿಡಬಹುದು. ನಿರುದ್ಯೋಗ ಭತ್ಯೆಗೆ ಆರು ತಿಂಗಳ ದುಡಿಮೆ ಬೇಕು. ಮೂರನೇ ತಿಂಗಳಲ್ಲಿ ಕೆಲಸ ಹೋದರೆ ಕೈಯಲ್ಲಿ ಏನೂ ಇರುವುದಿಲ್ಲ. ನಿಮ್ಮ ರಾಜೀನಾಮೆಯನ್ನು ತಡೆಹಿಡಿಯಿರಿ ಎಂದದ್ದು ಇದಕ್ಕೇ. ಸಂಬಳವಿಲ್ಲದ ರಜೆ ಸಿಗುತ್ತದೆಯೇ ಎಂದು ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿ.

ಮಗಳ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ, ಆದರೆ ಕಾಲದ ಲೆಕ್ಕ ಇದೆ. ಫ್ರಾನ್ಸ್‌ನಲ್ಲಿ ಮೂರು ವರ್ಷಕ್ಕೇ ಶಿಕ್ಷಣ ಕಡ್ಡಾಯ. ಮಾತೆರ್ನೆಲ್ ಎಂಬ ಶಿಶುಶಾಲೆಗೆ ಶುಲ್ಕವಿಲ್ಲ, ವರ್ಷದ ಮಧ್ಯದಲ್ಲೂ ಸೇರಿಸಿಕೊಳ್ಳುತ್ತಾರೆ. ಅಲ್ಲಿ ಮಕ್ಕಳು ಹಾಡಿ, ಅಂಟಿಸಿ, ಜಗಳವಾಡಿ ಭಾಷೆ ಕಲಿಯುತ್ತಾರೆ. ಆರು ತುಂಬುವ ವರ್ಷ ಒಂದನೇ ತರಗತಿ, ಓದು ಬರಹ ಶುರುವಾಗುವುದು ಅಲ್ಲಿ. ಅದಕ್ಕೆ ಮೊದಲು ಒಂದು ವರ್ಷವಾದರೂ ಶಿಶುಶಾಲೆಯಲ್ಲಿ ಕಳೆದ ಮಕ್ಕಳು ಸಲೀಸಾಗಿ ದಾಟುತ್ತಾರೆ. ಸಾಲಾರಿಯೆ ದಾರಿಯಲ್ಲಿ ಎರಡು ವರ್ಷ ಕಾದರೆ ನಿಮ್ಮ ಮಗಳು ಆರೂವರೆಗೆ ಬಂದು ನೇರವಾಗಿ ಓದು ಬರಹದ ತರಗತಿಯಲ್ಲಿ ಕೂರುತ್ತಾಳೆ. ಹೊಸದಾಗಿ ಬಂದ ಮಕ್ಕಳಿಗೆ ಪ್ರತ್ಯೇಕ ಪಾಠದ ವ್ಯವಸ್ಥೆ ಇದೆ, ಆದರೂ ಮೊದಲ ಆರು ತಿಂಗಳು ಅಳು ಇರುತ್ತದೆ. ಸಸ್ಯಾಹಾರಿಗಳಾದರೆ, ಶಾಲಾ ಊಟದಲ್ಲಿ ವಾರಕ್ಕೊಮ್ಮೆ ಸಸ್ಯಾಹಾರ ಕಾನೂನಿನಿಂದ ಕಡ್ಡಾಯ. ಉಳಿದ ದಿನಗಳದ್ದು ಆಯಾ ನಗರಸಭೆಗೆ ಬಿಟ್ಟದ್ದು.

ಕಾಗದಪತ್ರಗಳ ಬಗ್ಗೆ ಒಂದೇ ಎಚ್ಚರಿಕೆ: ಹೆಸರು. ನಮ್ಮ ಕಡೆ ಗಂಡನ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಅಡ್ಡಹೆಸರಾಗಿರುತ್ತದೆ, ಹೆಂಡತಿಯದರಲ್ಲಿ ಅವಳ ತಂದೆಯ ಹೆಸರು, ಮಗುವಿನದರಲ್ಲಿ ಅಪ್ಪನ ಹೆಸರು. ಕೆಲವರ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ. ಫ್ರೆಂಚ್ ಗುಮಾಸ್ತರ ಕಣ್ಣಿಗೆ ಇವರು ಸಂಬಂಧವೇ ಇಲ್ಲದ ಮೂವರು. ಮದುವೆ ನೋಂದಣಿ ಪತ್ರ, ಮೂವರ ಜನನ ಪ್ರಮಾಣಪತ್ರ, ಇವುಗಳಲ್ಲಿ ತಂದೆ ತಾಯಿಯ ಹೆಸರು ಪಾಸ್‌ಪೋರ್ಟಿನ ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ಎಂದು ಇಂದು ರಾತ್ರಿಯೇ ಮೇಜಿನ ಮೇಲೆ ಹರಡಿ ನೋಡಿ. ಹಳೆಯ ಜನನ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ ಇರುವುದುಂಟು, ಅದನ್ನು ಸೇರ್ಪಡೆ ಮಾಡಿಸಿಕೊಳ್ಳಿ. ಮೊದಲು ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿ ಎಂದು ಪರದೇಶಕ್ಕೆ ತಿಳಿಸುವ ಸರ್ಕಾರಿ ಮುದ್ರೆ), ಆಮೇಲೆ ಫ್ರಾನ್ಸ್‌ನ ಪ್ರಮಾಣಿತ ಅನುವಾದಕರಿಂದ ಅನುವಾದ, ಈ ಕ್ರಮ ತಪ್ಪಬಾರದು. ಆರೋಗ್ಯ ವಿಮೆಯ ಸಂಖ್ಯೆ ಸಿಗುವುದು ಈ ಜನನ ಪತ್ರದ ಮೇಲೆಯೇ. ಮನೆ ಸಿಕ್ಕ ದಿನ ಅಂಚೆ ಪೆಟ್ಟಿಗೆಯ ಮೇಲೆ ಮೂವರ ಹೆಸರನ್ನೂ ಅಂಟಿಸಿ. ಹೆಸರಿಲ್ಲದ ಪೆಟ್ಟಿಗೆಗೆ ಪತ್ರ ಹಾಕದೆ ಅಂಚೆಯವರು ವಾಪಸ್ ಕಳುಹಿಸುತ್ತಾರೆ, ವಿಮೆ ಕಾರ್ಡು, ಬ್ಯಾಂಕಿನ ರಹಸ್ಯ ಸಂಖ್ಯೆ ಎಲ್ಲ ಅಂಚೆಯಲ್ಲೇ ಬರುತ್ತವೆ.

ಅತ್ತೆಯವರನ್ನು ಕಾಯಂ ಆಗಿ ಕರೆದೊಯ್ಯಲು ಸುಲಭದ ದಾರಿ ಇಲ್ಲ. ಕುಟುಂಬ ಪುನರ್ಮಿಲನ ಎಂದರೆ ಸಂಗಾತಿ ಮತ್ತು ಅಪ್ರಾಪ್ತ ಮಕ್ಕಳು ಮಾತ್ರ. ಅವರು ಷೆಂಗೆನ್ ವೀಸಾದಲ್ಲಿ, ಅಂದರೆ ಮೇಲೆ ಹೇಳಿದ ಪ್ರವಾಸಿ ವೀಸಾದಲ್ಲಿ, 90 ದಿನ ಬಂದು ಇರಬಹುದು, ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಬೇಕು. ಉಳಿದ ಒಂಬತ್ತು ತಿಂಗಳು ಹುಬ್ಬಳ್ಳಿಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಹೊರಡುವ ಮೊದಲೇ ಅವರೊಂದಿಗೆ ಕೂತು ಮಾತನಾಡಿ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಸಣ್ಣ ಕಂಪನಿಯವರನ್ನು ಸಂಬಳದ ಗೆರೆ ದಾಟಿಸಲು ಕೇಳಿ. ಅವರಿಗೂ ತಾಲಾಂ ಕಾರ್ಡಿನಿಂದ ಪ್ರತ್ಯೇಕ ಉದ್ಯೋಗ ಅನುಮತಿಯ ರಗಳೆ ತಪ್ಪುತ್ತದೆ, ಅದನ್ನು ಮಾತುಕತೆಯಲ್ಲಿ ಹೇಳಬಹುದು. ಅದಾದರೆ ನೀವು ದೀರ್ಘಕಾಲಕ್ಕೆ ಹೋಗುತ್ತಿದ್ದೀರಿ ಎಂದು ತಿಳಿದು ಇಫ್ಸಿಯ ದಾರಿ ಹಿಡಿಯುವುದು ಸಾರ್ಥಕ. ಅದಾಗದೆ ಮೂರು ವರ್ಷದ ನಿಯೋಜನೆಯೇ ಉಳಿದರೆ ಇಫ್ಸಿಗೆ ಕೈಹಾಕಬೇಡಿ, ಭಾಷೆ ಕಲಿಯುವಷ್ಟರಲ್ಲಿ ಅವಧಿಯ ಅರ್ಧ ಮುಗಿದಿರುತ್ತದೆ. ಆಗ ಅದನ್ನು ಮೂರು ವರ್ಷದ ವಿರಾಮ ಎಂದೇ ಇಬ್ಬರೂ ಒಪ್ಪಿ ಹೊರಡಿ, ಮರಳಿದ ಮೇಲೆ ತೀವ್ರ ನಿಗಾ ಘಟಕಕ್ಕೆ ಹೇಗೆ ಸೇರುವುದು ಎಂದು ಈಗಲೇ ಮೇಲಧಿಕಾರಿಗಳ ಬಳಿ ಮಾತನಾಡಿ. ಸಾಲಾರಿಯೆ ಒಪ್ಪಿಕೊಂಡರೆ ನಿಮ್ಮ ವೃತ್ತಿ ಎರಡು ವರ್ಷ ಬೆಂಗಳೂರಿನಲ್ಲೇ ನಡೆಯುತ್ತದೆ, ಫ್ರೆಂಚ್ ಕೂಡ ಕಲಿಯಬಹುದು. ಆದರೆ ಅಪ್ಪನಿಲ್ಲದ ಮನೆ, ರಾತ್ರಿ ಪಾಳಿ, ಸಣ್ಣ ಮಗು, ಮೂರನ್ನೂ ಒಬ್ಬರೇ ಹೊರಬೇಕಾಗುತ್ತದೆ. ಅದನ್ನು ಎಷ್ಟು ಹೊರಬಲ್ಲಿರಿ ಎಂದು ಹೇಳಬೇಕಾದವರು ನೀವು, ನಿಮ್ಮ ಪತಿಯೂ ಅಲ್ಲ, ನಾನೂ ಅಲ್ಲ.

ಯಾವ ದಾರಿಯಾದರೂ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿರುವ ನಿಮ್ಮ ನೋಂದಣಿ ತಪ್ಪಿಹೋಗದಂತೆ ನವೀಕರಿಸುತ್ತಿರಿ. ಈ ವಾರ ಎರಡೂ ಕಂಪನಿಗಳಿಗೆ ಒಂದೇ ಪ್ರಶ್ನೆ ಬರೆಯಿಸಿ: ಪರವಾನಗಿಯ ಪೂರ್ತಿ ಫ್ರೆಂಚ್ ಹೆಸರು ಏನು, ಅದರಲ್ಲಿ ಕುಟುಂಬ ಜೊತೆಯಲ್ಲೇ ಬರಬಹುದೇ ಎಂದು. ಬಂದ ಉತ್ತರವನ್ನು ಇದ್ದಂತೆಯೇ ನನಗೆ ಕಳುಹಿಸಿ, ಸಂಬಳದ ಚೌಕಾಸಿಗೆ ಏನು ಬರೆಯಬೇಕೆಂದು ಆ ಹೆಸರು ನೋಡಿ ಹೇಳುತ್ತೇನೆ.